ಎರಡು ವಿಡಿಯೊಗಳ ನಡುವೆ ಒಂದು ಭರಣಿ

ನಮ್ಮದು ಯೂಟ್ಯೂಬಿನಲ್ಲೊಂದು ಅಡುಗೆಯ ಚಾನೆಲ್. ಅತ್ತೆ ಅಡುಗೆ ಮಾಡುತ್ತಾರೆ, ನಾನು ಮೊಬೈಲ್ ಹಿಡಿಯುತ್ತೇನೆ. ಊರು ಸಾಗರ ತಾಲ್ಲೂಕಿನ ಹೊಳೆಸಾಲಿನಲ್ಲಿ. ತಿಂಗಳಿಗೆ ಎರಡು ವಿಡಿಯೊ ಬಂದರೆ ಹೆಚ್ಚು. ಮಳೆಗಾಲದಲ್ಲಿ ಅದೂ ಇಲ್ಲ. ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಅದರ ಹಿಂದೆಯೇ ಟವರ್ ಮಲಗುತ್ತದೆ, ಮನೆಯವರೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಮೊದಲ ವರ್ಷ ಆಷಾಢ, ಶ್ರಾವಣ ಎರಡೂ ತಿಂಗಳು ಚಾನೆಲ್ಲಿಗೆ ಬೀಗ ಹಾಕಿದ ಹಾಗಿತ್ತು. ಚೌತಿಗೆ ಪಂಚಕಜ್ಜಾಯದ ವಿಡಿಯೊ ಹಾಕಿದಾಗ ಹಳಬರಲ್ಲಿ ಅರ್ಧ ಜನ ತಿರುಗಿಯೂ ನೋಡಲಿಲ್ಲ.

ಮರುವರ್ಷ ಹೆದರಿ ದಿನಕ್ಕೊಂದು ಹೂವಿನ ಚಿತ್ರ, ಕೆಳಗೆ ಶುಭೋದಯ. ನನಗೇ ಬೇಸರ ಬಂದ ಮೇಲೆ ನೋಡುವವರಿಗೆ ಬಾರದೆ ಇರುತ್ತದೆಯೇ? ಆಮೇಲೆ ಪೋಲ್ ಹಾಕಿದೆ: ತೊಡದೇವು ಇಷ್ಟವೋ, ಹೋಳಿಗೆಯೋ? ಓಟು ಬಿತ್ತು, ಮಾತು ಹುಟ್ಟಲಿಲ್ಲ. ಗುಂಡಿ ಒತ್ತಿ ಎದ್ದು ಹೋದರು.

ಮಾತು ಹುಟ್ಟಿದ್ದು ಕಳಲೆಯಿಂದ. ಎಳೆ ಬಿದಿರನ್ನು ಹೆಚ್ಚಿ ಮೂರು ದಿನ ನೆನೆಹಾಕಿ ದಿನಾ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಅದರ ನಂಜು ಹೋಗುವುದಿಲ್ಲ ಎಂಬುದು ಅತ್ತೆಯ ಲೆಕ್ಕ. 'ನಿಮ್ಮಲ್ಲಿ ಎಷ್ಟು ದಿನ?' ಎಂದು ಒಂದೇ ಸಾಲು ಬರೆದೆ. ತೀರ್ಥಹಳ್ಳಿಯವರು ಒಂದು ಹೇಳಿದರು, ಕೊಪ್ಪದವರು ಇನ್ನೊಂದು. ಒಬ್ಬರಂತೂ ಅತ್ತೆಯ ವಿಧಾನವೇ ತಪ್ಪು ಎಂದರು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿಸಿಕೊಂಡು ಉತ್ತರ ಬರೆಸಿದರು. ಉತ್ತರ ನಿಜಕ್ಕೂ ಬೇಕಾಗಿ ಕೇಳಿದ ಪ್ರಶ್ನೆಗೂ ಹೊತ್ತು ಕಳೆಯಲು ಕೇಳಿದ್ದಕ್ಕೂ ಇರುವ ವ್ಯತ್ಯಾಸ ಜನರಿಗೆ ತಕ್ಷಣ ಗೊತ್ತಾಗುತ್ತದೆ.

ನೆಟ್‌ವರ್ಕ್ ಇಲ್ಲದ ಊರಿಗೆ ಇದೇ ಅನುಕೂಲ. ವಿಡಿಯೊ ಅಪ್‌ಲೋಡ್‌ಗೆ ಇಡೀ ರಾತ್ರಿ ಬೇಕು. ನಾಲ್ಕು ಸಾಲಿನ ಉತ್ತರಕ್ಕೆ ಮನೆ ಹಿಂದಿನ ದರೆಯ ಮೇಲೆ ಕೊಡೆ ಹಿಡಿದು ನಿಂತರೆ ಸಾಕು, ಒಂದು ಕಡ್ಡಿ ಸಿಗ್ನಲ್ಲಿನಲ್ಲೇ ಹೋಗುತ್ತದೆ. ಈಗ ಮೇ ಕೊನೆಗೆ ಸಾಗರ ಪೇಟೆಗೆ ಹೋಗಿ ಮೂರು ವಿಡಿಯೊ ಏರಿಸಿ, ಆಯಾ ದಿನ ತಾನಾಗಿ ಹೊರಬರುವಂತೆ ತಾರೀಖು ಹಾಕಿಟ್ಟು ಬರುತ್ತೇನೆ. ಅಂದ ಹಾಗೆ, ಆರು ತಿಂಗಳು ವಿಡಿಯೊವನ್ನೂ ಪೋಸ್ಟನ್ನೂ ಹಾಕದಿದ್ದರೆ ಚಾನೆಲ್ಲಿನ ಆದಾಯವನ್ನು ಯೂಟ್ಯೂಬ್ ನಿಲ್ಲಿಸಬಹುದು. ಜಾಹೀರಾತಿನ ಆದಾಯಕ್ಕೆ ಬೇಕಾದ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಎಂಬ ಗಡಿಯನ್ನು ಕಷ್ಟಪಟ್ಟು ದಾಟಿದವರು ಇದನ್ನು ನೆನಪಿಡುವುದು ಒಳ್ಳೆಯದು.

ಕಳೆದ ಬೇಸಿಗೆಯಲ್ಲಿ ಉಪ್ಪಿನಕಾಯಿಗೆಂದು ಮಾವಿನ ಅಪ್ಪೆಮಿಡಿ ಉಪ್ಪಿಗೆ ಹಾಕಿದೆವು. ಮಿಡಿ ಮುರುಟದೆ ಖಾರ ಬೆರೆಸುವಂತಿಲ್ಲ, ಅಲ್ಲಿಯವರೆಗೆ ವಿಡಿಯೊ ಮುಗಿಯುವಂತಿಲ್ಲ. ಮೊದಲಾಗಿದ್ದರೆ ಆ ವಾರಗಳೆಲ್ಲ ಸುಮ್ಮನಿರುತ್ತಿದ್ದೆ. ಈ ಸಲ ಭಾನುವಾರಕ್ಕೊಂದರಂತೆ ಭರಣಿಯ ಬಾಯಿ ತೆರೆದು, ಮೇಲಿನಿಂದ ಒಂದು ಫೋಟೊ. ಮೊದಲ ವಾರ ಹಸಿರು ಮಿಡಿ, ನಡುನಡುವೆ ಕರಗದ ಕಲ್ಲುಪ್ಪು. ಎರಡನೆಯ ವಾರ ನೀರು ಬಿಟ್ಟು ಮಿಡಿಗಳು ತೇಲತೊಡಗಿದ್ದವು. ಅತ್ತೆ ಹೊಳೆಯ ಕಲ್ಲೊಂದನ್ನು ತೊಳೆದು ಒಣಗಿಸಿ ಮೇಲೆ ಹೇರಿದರು. ಮೂರನೆಯ ವಾರ ಬಣ್ಣ ಇಳಿದು, ಬಟ್ಟೆ ಒಗೆದೆದ್ದ ಬೆರಳಿನ ಹಾಗೆ ಸುಕ್ಕು. 'ತೊಟ್ಟು ಯಾಕೆ ತೆಗೆದಿಲ್ಲ?' ಎಂದು ಯಾರೋ ಕೇಳಿದರು. 'ತೊಟ್ಟು ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳ ಹೋಯಿತು' ಎಂದು ಅತ್ತೆ ಹೇಳಿದ್ದನ್ನೇ ಶಾರ್ಟ್ ಮಾಡಿ ಹಾಕಿದೆ. ಶಾರ್ಟ್ ನೋಡಿ ಬಂದ ಹೊಸಬರು ಉದ್ದದ ವಿಡಿಯೊ ನೋಡುವುದು ಕಡಿಮೆ, ಅದು ಬೇರೆ ಮಾತು. ಆದರೆ ಪ್ರಶ್ನೆ ಕೇಳಿದವರು ಮಾತ್ರ ಆಮೇಲೆ ಒಂದು ವಿಡಿಯೊವನ್ನೂ ಬಿಟ್ಟಿಲ್ಲ.

ನಾಲ್ಕನೆಯ ಭಾನುವಾರ ಮದುವೆಮನೆಗೆ ಹೋಗಿದ್ದೆವು, ಫೋಟೊ ಮರೆತೆ. ಸಂಜೆ ಬಂದು ನೋಡಿದರೆ, 'ಭರಣಿ ಎಲ್ಲಿ ಅಕ್ಕಾ? ಅತ್ತೆಯವರು ಹುಷಾರಾಗಿದ್ದಾರಾ?' ಎಂದು ಬೆಂಗಳೂರಿನ ಹುಡುಗಿಯೊಬ್ಬಳು ಕೇಳಿದ್ದಳು. ಸೀರೆ ಬದಲಾಯಿಸುವ ಮೊದಲೇ ಅತ್ತೆ ಕೈ ಒರೆಸಿಕೊಂಡು ಮುಚ್ಚಳ ತೆಗೆದರು.

ಉಪ್ಪಿನಕಾಯಿಯ ವಿಡಿಯೊ ಹಾಕಿದ ದಿನ ಮೊದಲ ಕಮೆಂಟ್ ಅವಳದೇ: 'ಅಂತೂ ಮುರುಟಿತಲ್ಲ!'