ಗಾಜು ಹಾಕೋದು ಮರೆತುಬಿಟ್ರಾ?

"ಕಿಟಕಿಗೆ ಗಾಜು ಹಾಕೋದು ಮರೆತುಬಿಟ್ರಾ?"

ನಾನು ಕಳಿಸಿದ ರೆಂಡರ್ (3ಡಿ ಮಾಡೆಲ್‌ನಿಂದ ಕಂಪ್ಯೂಟರ್ ತೆಗೆದ ಚಿತ್ರ) ನೋಡಿ ಆರ್ಕಿಟೆಕ್ಟ್ ಮೇಡಂ ಕೇಳಿದ ಮೊದಲ ಮಾತು ಇದು. ಎರಡು ಅಂತಸ್ತಿನ ಮನೆ, ರಸ್ತೆ ಕಡೆಗೆ 11 ಕಿಟಕಿ. ಹನ್ನೊಂದಕ್ಕೂ ಗಾಜು ಇತ್ತು. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ 6 ಮಿ.ಮೀ. ದಪ್ಪದ ಮೆಶ್ (3ಡಿ ಆಕಾರ), ಅದಕ್ಕೆ ಗ್ಲಾಸ್ ಶೇಡರ್ (ಆ ಮೈ ಬೆಳಕಿಗೆ ಹೇಗೆ ವರ್ತಿಸಬೇಕು ಅಂತ ಹೇಳೋದು), ಐಒಆರ್ ಅಂದರೆ ವಕ್ರೀಭವನ ಸೂಚ್ಯಂಕ 1.52. ಲೆಕ್ಕದಲ್ಲಿ ಎಲ್ಲ ಸರಿ. ಚಿತ್ರದಲ್ಲಿ ಮಾತ್ರ ಗೋಡೆ ತುಂಬ ಕಪ್ಪು ತೂತುಗಳು.

ಪ್ರತಿಫಲನ ಸಾಲದು ಅಂದುಕೊಂಡೆ. ಕನ್ನಡಿಯ ಹಾಗೆ ಪ್ರತಿಫಲಿಸುವ ಗ್ಲಾಸಿ ಶೇಡರ್ ಬೆರೆಸಿ ಜಾಸ್ತಿ ಮಾಡಿದೆ, ಸುತ್ತ ಬೆಳಕು ಕೊಡೋಕೆ ಆಕಾಶದ ಎಚ್‌ಡಿಆರ್‌ಐ ಫೋಟೋ ಹಾಕಿದೆ, ಮತ್ತೆ ಕಳಿಸಿದೆ. "ಈಗ ನೀಲಿ ಪೇಪರ್ ಅಂಟಿಸಿದ ಹಾಗಿದೆ" ಅಂದರು. ಅವರು ಹೇಳಿದ್ದು ನಿಜವೇ. 11 ಕಿಟಕಿಯಲ್ಲೂ ಒಂದೇ ನೀಲಿ.

ಆಮೇಲೆ ಎರಡು ದಿನ ಮಟೀರಿಯಲ್ ಪ್ಯಾನೆಲ್ ಬಿಟ್ಟು ಏಳಲಿಲ್ಲ. ಯಾವ ಸ್ಲೈಡರ್ ಎಳೆದರೂ ಒಂದೋ ತೂತು, ಇಲ್ಲಾಂದ್ರೆ ಪೇಪರ್. ಕೊನೆಗೆ ಬೇಜಾರಾಗಿ ಎದ್ದು ಹೊರಗೆ ಹೋದೆ. ಎದುರು ಮನೆಯ ಕಿಟಕಿ ನೋಡುತ್ತಾ ನಿಂತೆ.

ಮಧ್ಯಾಹ್ನದ ಬಿಸಿಲು. ಮೇಲಿನ ಕಿಟಕಿಯಲ್ಲಿ ಬರೀ ಆಕಾಶ, ಒಳಗೆ ಏನಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಕೆಳಗಿನ ಕಿಟಕಿಯಲ್ಲಿ ನನ್ನ ಹಿಂದಿದ್ದ ಮರದ ಬಿಂಬ ಇತ್ತು. ಆ ಮರದ ಕಪ್ಪು ಬಿದ್ದಿದ್ದ ಜಾಗದಲ್ಲಿ ಮಾತ್ರ ಒಳಗಿನ ಪರದೆಯ ಮಡಿಕೆ ಕಾಣುತ್ತಿತ್ತು. ಮರದ ಅಂಚು ಮುಗಿದು ಆಕಾಶ ಶುರುವಾದ ಕಡೆ ಪರದೆಯೂ ಮಾಯ. ಅಂದರೆ ಗಾಜಿನ ಮೇಲೆ ಏನು ಕಾಣಬೇಕು ಅನ್ನೋದನ್ನು ಗಾಜು ನಿರ್ಧರಿಸುತ್ತಲೇ ಇರಲಿಲ್ಲ. ಮುಂದಿನ ಬೆಳಕಿಗೂ ಹಿಂದಿನ ಬೆಳಕಿಗೂ ನಡುವೆ ಜಗಳ, ಯಾವುದು ಜಾಸ್ತಿಯೋ ಅದೇ ಗೆಲ್ಲುತ್ತಿತ್ತು.

ಇನ್ನೊಂದೂ ಕಂಡಿತು. ರಸ್ತೆಯ ಕರೆಂಟ್ ತಂತಿ ಒಂದು ಗಾಜಿನಿಂದ ಪಕ್ಕದ ಗಾಜಿಗೆ ದಾಟುವಾಗ ಮುರಿದಿತ್ತು. ಎಡಗಡೆ ಗಾಜಿನಲ್ಲಿ ಒಂದು ಎತ್ತರ, ಬಲಗಡೆಯದರಲ್ಲಿ ಅರ್ಧ ಗೇಣು ಕೆಳಗೆ. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲು ಕಪ್ಪು ತೂತಿನ ವಿಷಯ. ಅದು ನನ್ನ ಕೈಯಾರೆ ಆದ ತಪ್ಪು. ನಾಯ್ಸ್ (ಚಿತ್ರದಲ್ಲಿನ ಚುಕ್ಕಿ ಚುಕ್ಕಿ) ಕಡಿಮೆಯಾಗಲಿ ಅಂತ ಬ್ಲೆಂಡರ್‌ನ ರೆಂಡರರ್ ಸೈಕಲ್ಸ್‌ನಲ್ಲಿ ರಿಫ್ರಾಕ್ಟಿವ್ ಕಾಸ್ಟಿಕ್ಸ್ ಅನ್ನೋ ಆಯ್ಕೆ ಆಫ್ ಮಾಡಿದ್ದೆ. ಗ್ಲಾಸ್ ಶೇಡರ್ ದಾಟಿ ಕೋಣೆಯೊಳಗೆ ಬೀಳುವ ಬೆಳಕು ರೆಂಡರರ್ ಲೆಕ್ಕದಲ್ಲಿ ಕಾಸ್ಟಿಕ್. ಅದನ್ನು ಆಫ್ ಮಾಡಿದರೆ ಗಾಜು ಗೋಡೆ ಇದ್ದ ಹಾಗೆ, ಒಳಗೆ ಬಿಸಿಲೂ ಇಲ್ಲ, ಆಕಾಶದ ಬೆಳಕೂ ಇಲ್ಲ. ಆನ್ ಮಾಡಿದರೆ ಬೆಳಕು ಬರುತ್ತೆ, ಜೊತೆಗೆ ಕೋಣೆ ತುಂಬ ಬಿಳಿ ಚುಕ್ಕಿಗಳೂ ಬರುತ್ತವೆ.

ಹಾಗಾಗಿ ದಪ್ಪ ಗಾಜನ್ನೇ ಕೈಬಿಟ್ಟೆ. ಕಿಟಕಿ ಗಾಜಿನ ಎರಡು ಮೈಯೂ ಸಮಾನಾಂತರ. 6 ಮಿ.ಮೀ. ಗಾಜನ್ನು 45 ಡಿಗ್ರಿಯಿಂದ ನೋಡಿದರೂ ಹಿಂದಿನ ದೃಶ್ಯ ಸರಿಯೋದು ಸುಮಾರು 2 ಮಿ.ಮೀ. ಮಾತ್ರ. ಅದು ಯಾರ ಕಣ್ಣಿಗೆ ಬೀಳುತ್ತೆ? ದಪ್ಪವೇ ಇಲ್ಲದ, ಒಂದೇ ಪದರದ ಪ್ಲೇನ್ ಇಟ್ಟೆ. ಟ್ರಾನ್ಸ್‌ಪರೆಂಟ್ ಮತ್ತು ಗ್ಲಾಸಿ ಶೇಡರ್‌ಗಳನ್ನು ಫ್ರೆನೆಲ್ ನೋಡ್‌ನಿಂದ (ನೋಡುವ ಕೋನಕ್ಕೆ ತಕ್ಕ ಹಾಗೆ ಪ್ರತಿಫಲನ ಎಷ್ಟು ಅಂತ ಲೆಕ್ಕ ಹಾಕೋದು) ಬೆರೆಸಿದೆ. ಟ್ರಾನ್ಸ್‌ಪರೆಂಟ್ ಶೇಡರ್ ಬೆಳಕನ್ನು ನೇರ ಬಿಡುತ್ತೆ, ನೆರಳು ಹಾಕಲ್ಲ. ಕೋಣೆ ತಕ್ಷಣ ತಿಳಿಯಾಯಿತು. ಕರೋನಾ ಅನ್ನೋ ಇನ್ನೊಂದು ರೆಂಡರರ್‌ನಲ್ಲಿ ಇದೇ ಕೆಲಸಕ್ಕೆ ಥಿನ್ ಶೆಲ್ ಅನ್ನೋ ಟಿಕ್ ಇದೆ. ವಿ-ರೇ ರೆಂಡರರ್‌ನಲ್ಲಿ ದಪ್ಪ ಗಾಜೇ ಇಟ್ಟುಕೊಂಡರೆ, ಬೆಳಕನ್ನು ಗಾಜು ದಾಟಲು ಬಿಡುವ ಅಫೆಕ್ಟ್ ಶ್ಯಾಡೋಸ್ ಆನ್ ಇದೆಯಾ ಅಂತ ನೋಡಿಕೊಳ್ಳಿ. ಒಂದು ಎಚ್ಚರ: ಒಂದೇ ಪದರದ ಪ್ಲೇನ್‌ಗೆ ಗ್ಲಾಸ್ ಶೇಡರ್ ಹಾಕಬೇಡಿ. ಬೆಳಕಿನ ಕಿರಣ ಗಾಜಿನೊಳಗೆ ಹೋಗುವಾಗ ಬಾಗುತ್ತೆ, ಆಚೆ ಬರುವ ಮೈಯೇ ಇರುವುದಿಲ್ಲ. ಇಡೀ ಕೋಣೆ ಗಾಜಿನ ಗಟ್ಟಿಯೊಳಗೆ ಮುಳುಗಿದ ಹಾಗೆ ಕಾಣುತ್ತೆ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ನನಗೆ ತುಂಬ ಇಷ್ಟವಾದದ್ದು. ನಿಜವಾದ ಗಾಜಿನ ಒಂದು ಮೈ ನೇರದಿಂದ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾ ವಾಪಸ್ ಕಳಿಸುತ್ತೆ. ಎರಡು ಮೈ ಸೇರಿ 8. ಒಂದೇ ಪದರದ ಪ್ಲೇನ್‌ಗೆ ಐಒಆರ್ 1.52 ಕೊಟ್ಟರೆ ಸಿಗೋದು ಅದರಲ್ಲಿ ಅರ್ಧ. ಫ್ರೆನೆಲ್ ನೋಡ್‌ಗೆ 1.8 ಕೊಡಿ, ಸರಿಯಾಗಿ 8 ಬರುತ್ತೆ. ಇಲ್ಲಿ ವಕ್ರೀಭವನ ಇಲ್ಲವಲ್ಲ, ಹಾಗಾಗಿ ಆ ಸಂಖ್ಯೆ ಪ್ರತಿಫಲನಕ್ಕೆ ಮಾತ್ರ. ಎರಡು ಗಾಜಿನ ಡಬಲ್ ಗ್ಲೇಜಿಂಗ್ ಆದರೆ ನಾಲ್ಕು ಮೈ, ಸುಮಾರು 15 ಶೇಕಡಾ.

ಖುಷಿಯಲ್ಲಿ ಒಳಗಿನ ಕ್ಯಾಮೆರಾದಿಂದಲೂ ಒಂದು ರೆಂಡರ್ ಹಾಕಿದೆ. ಕಿಟಕಿಯ ಒಂದು ಭಾಗ ಗಾಜು, ಇನ್ನೊಂದು ಭಾಗ ಪೂರ್ತಿ ಕನ್ನಡಿ! ಸೋಫಾ ಎರಡು ಕಡೆ ಕಾಣುತ್ತಿತ್ತು. ಪ್ಲೇನ್‌ನ ಹಿಂಬದಿಯಿಂದ ನೋಡಿದಾಗ ಫ್ರೆನೆಲ್ ನೋಡ್ ಐಒಆರ್ ಅನ್ನು ತಿರುವು ಹಾಕುತ್ತೆ (1.8 ಇದ್ದದ್ದು 1/1.8 ಆಗುತ್ತೆ), ಬೆಳಕು ಗಾಜಿನೊಳಗಿಂದ ಗಾಳಿಗೆ ಬರುತ್ತಿದೆ ಅಂದುಕೊಳ್ಳುತ್ತೆ. 1.8ಕ್ಕೆ ಸುಮಾರು 34 ಡಿಗ್ರಿ ದಾಟಿದರೆ ಪೂರ್ತಿ ಪ್ರತಿಫಲನ. ನೋಡುತ್ತಿರೋದು ಹಿಂಬದಿಯೋ ಅಂತ ಹೇಳುವ ಜಿಯೋಮೆಟ್ರಿ ನೋಡ್‌ನ ಬ್ಯಾಕ್‌ಫೇಸಿಂಗ್ ಬಳಸಿ, ಹಿಂಬದಿಗೆ 1.8ರ ಬದಲು 0.556 (ಅಂದರೆ 1/1.8) ಹೋಗುವ ಹಾಗೆ ಮಾಡಿದೆ. ಸರಿಹೋಯಿತು. ಇದು ಗೊತ್ತಾಗೋಕೆ ಮುಂಚೆ ಅರ್ಧ ದಿನ ಲೈಟ್‌ಗಳನ್ನು ಸುಮ್ನೆ ಬೈದುಕೊಂಡಿದ್ದೆ.

ಮಟೀರಿಯಲ್ ಕೆಲಸ ಅಲ್ಲಿಗೆ ಮುಗಿಯಿತು. ಬಣ್ಣವನ್ನು ಬಿಳಿಯೇ ಬಿಟ್ಟೆ, ಚೂರೇ ಚೂರು ಹಸಿರು. ಗಾಜಿಗೆ ನೀಲಿ ಬಳಿಯೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರೋದರಿಂದ ಅಂಚಿನಲ್ಲಿ ಹಸಿರು ಕಾಣುತ್ತೆ. ನೀಲಿ ಏನಿದ್ದರೂ ಆಕಾಶದ್ದು. ಧೂಳು, ಬೆರಳ ಗುರುತು, ಗೀರು ಇವನ್ನೆಲ್ಲ ಹೊರಗಿನ ದೃಶ್ಯಕ್ಕೆ ಹಾಕಲೇ ಇಲ್ಲ. ಹತ್ತು ಮೀಟರ್ ದೂರದಿಂದ ಅದು ಬರೀ ಮಂಕು.

ಇನ್ನು ನೀಲಿ ಪೇಪರ್. ಎಚ್‌ಡಿಆರ್‌ಐ ಚಿತ್ರ ಅನಂತ ದೂರದಲ್ಲಿರುತ್ತೆ. ಒಂದೇ ಗೋಡೆಯ ಕಿಟಕಿಗಳೆಲ್ಲ ಅದರ ಹೆಚ್ಚುಕಡಿಮೆ ಒಂದೇ ತುಂಡನ್ನು ತೋರಿಸುತ್ತವೆ. ನನ್ನ ಕ್ಯಾಮೆರಾದ ಹಿಂದೆ ಏನೂ ಇರಲಿಲ್ಲ, ಹಾಗಾಗಿ ಗಾಜಿಗೆ ತೋರಿಸೋಕೂ ಏನೂ ಇರಲಿಲ್ಲ. ಕ್ಯಾಮೆರಾ ಹಿಂದೆ ರಸ್ತೆಯ ಆಚೆ ಬದಿಯನ್ನು ಕಟ್ಟಿದೆ. ಮೂರು ಡಬ್ಬಿಯಂಥ ಮನೆಗಳು, ಅವಕ್ಕೆ ಒರಟು ಬಾಗಿಲು ಕಿಟಕಿ, ನಾಲ್ಕು ಮರ, ಎರಡು ಕಂಬ, ತಂತಿ. ಬಿಂಬದಲ್ಲಿ ಮಾತ್ರ ಕಾಣುವ ವಸ್ತುಗಳು, ಹಾಗಾಗಿ ಟೆಕ್ಸ್ಚರ್‌ಗೆ ತಲೆಕೆಡಿಸಿಕೊಳ್ಳಲಿಲ್ಲ. ಒಂದು ಮರವನ್ನು ಮಾತ್ರ ಬೇಕೆಂದೇ ಹಾಲ್ ಕಿಟಕಿಯ ಎದುರಿಗೆ ಸರಿಸಿದೆ, ಅದರ ಬಿಂಬದ ನೆರಳಲ್ಲಿ ಒಳಗಿನ ಪರದೆ ಕಾಣಲಿ ಅಂತ.

ಕೋಣೆಗಳಲ್ಲಿ ಇಟ್ಟಿದ್ದೂ ಕಡಿಮೆಯೇ. ಗಾಜಿನಿಂದ ಒಂದು ಗೇಣು ಹಿಂದೆ ಪರದೆ, ಪ್ರತಿ ಕಿಟಕಿಗೂ ಬೇರೆ ಬೇರೆ ಅಗಲಕ್ಕೆ ಸರಿಸಿದ್ದು. ಆಮೇಲೆ ಒಂದು ತಿಳಿ ಬಣ್ಣದ ಗೋಡೆ, ಒಂದು ದೀಪ. ಕೋಣೆ ಕತ್ತಲೆಯಾಗಿದೆ ಅಂತ ದೀಪ ಜಾಸ್ತಿ ಮಾಡುವ ಆಸೆ ಬಂತು, ಮಾಡಲಿಲ್ಲ. ಹಗಲಲ್ಲಿ ಹೊರಗೆ ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್, ಒಳಗೆ ಕೆಲವು ನೂರು ಲಕ್ಸ್. ಆ ಕತ್ತಲೆ ಸಹಜ. ಸಂಜೆಯ ದೃಶ್ಯ ಆದರೆ ಎಲ್ಲ ಉಲ್ಟಾ, ಒಳಗಿನ ದೀಪವೇ ಗೆಲ್ಲುತ್ತೆ, ಗಾಜು ಇದ್ದೂ ಇಲ್ಲದ ಹಾಗೆ. ಅದಕ್ಕೇ ಸಂಜೆ ರೆಂಡರ್ ಸುಲಭ.

ಮೇಲಿನ ಕಿಟಕಿಗಳು ತಾವಾಗಿಯೇ ಸರಿಯಾದವು. ನಿಜವಾದ ಗಾಜಿನಲ್ಲಿ ನೇರ ನೋಟಕ್ಕೆ 8 ಶೇಕಡಾ ಇರುವ ಪ್ರತಿಫಲನ 60 ಡಿಗ್ರಿಯಲ್ಲಿ 16ರ ಹತ್ತಿರ, 80 ಡಿಗ್ರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ಇಳಿಸಿ ಮನೆಗೆ ಓರೆಯಾಗಿ ನಿಲ್ಲಿಸಿದ್ದೇ ತಡ, ಮೇಲೆ ಆಕಾಶ, ಕೆಳಗೆ ರಸ್ತೆ. ಎದುರು ಮನೆಯಲ್ಲಿ ನೋಡಿದ್ದೂ ಅದನ್ನೇ ಅಲ್ವಾ.

ಇನ್ನು ತಂತಿ. ಗಾಜುಗಳನ್ನು ಯಾರೂ ಒಂದೇ ಸಮತಲದಲ್ಲಿ ಕೂರಿಸೋಕೆ ಆಗಲ್ಲ. ಚೌಕಟ್ಟಿನಲ್ಲಿ ಒಂದು ಚೂರು ಹಿಂದೆ, ಒಂದು ಚೂರು ಮುಂದೆ ಇರುತ್ತೆ. ಗಾಜು 0.2 ಡಿಗ್ರಿ ವಾಲಿದರೆ ಬಿಂಬ ಅದರ ಎರಡರಷ್ಟು, 0.4 ಡಿಗ್ರಿ ತಿರುಗುತ್ತೆ. 50 ಮೀಟರ್ ದೂರದ ವಸ್ತುವಿನ ಮೇಲೆ ಅದು ಸುಮಾರು 35 ಸೆಂ.ಮೀ. ನನ್ನ ಮಾಡೆಲ್‌ನಲ್ಲಿ ಎಲ್ಲ ಗಾಜೂ ಪಕ್ಕಾ ನೇರ, ಹಾಗಾಗಿ ಬಿಂಬವೆಲ್ಲ ಒಂದೇ ದೊಡ್ಡ ಕನ್ನಡಿಯನ್ನು ತುಂಡು ಮಾಡಿ ಅಂಟಿಸಿದ ಹಾಗೆ. ಪ್ರತಿ ಗಾಜನ್ನೂ ಬೇರೆ ಆಬ್ಜೆಕ್ಟ್ ಮಾಡಿ, ಎರಡು ಅಕ್ಷದಲ್ಲೂ 0.2 ಡಿಗ್ರಿಯೊಳಗೆ ರ‍್ಯಾಂಡಮ್ ಆಗಿ ತಿರುಗಿಸಿದೆ. ರೆಂಡರ್ ಬಂದಾಗ ತಂತಿ ಮುರಿದಿತ್ತು. ಕುರ್ಚಿ ಬಿಟ್ಟು ಎದ್ದೆ, ಸುಳ್ಳಲ್ಲ.

ಅದರ ಮೇಲೆ ತುಂಬ ತೆಳುವಾದ ಬಂಪ್, ಅಂದರೆ ಗಾಜಿನ ಮೈ ಚೂರು ಅಲೆಯಲೆಯಾಗಿ ಕಾಣುವ ಹಾಗೆ. ಅಲೆಯ ಅಗಲ ಸುಮಾರು ಒಂದು ಮೀಟರ್. ಮೊದಲ ಸಲ ಬಂಪ್ ಜಾಸ್ತಿಯಾಗಿ ಕಿಟಕಿಯಲ್ಲಿ ಕೆರೆ ಕಂಡಿತು. ಕಾಣುತ್ತಿದೆ ಅನ್ನಿಸುವ ಮಟ್ಟಕ್ಕೆ ತಂದು, ಅಲ್ಲಿಂದ ಅರ್ಧ ಮಾಡಿದರೆ ಸರಿ ಇರುತ್ತೆ.

ಕೊನೆಗೆ ಒಂದು ಮೂಲೆಯಲ್ಲಿ ಕಪ್ಪು ಚುಕ್ಕಿ ಉಳಿದಿತ್ತು. ಎರಡು ಕಿಟಕಿ ದಾಟಿ ಹಿಂದಿನ ಮರದ ಎಲೆಗಳು ಕಾಣುವ ಜಾಗ. ಎಲೆಗಳೂ ಚಿತ್ರ ಅಂಟಿಸಿದ ಟ್ರಾನ್ಸ್‌ಪರೆಂಟ್ ಕಾರ್ಡ್‌ಗಳೇ, ಪದರ ಜಾಸ್ತಿಯಾಗಿ ಕಿರಣ ಎಷ್ಟು ಟ್ರಾನ್ಸ್‌ಪರೆಂಟ್ ಪದರ ದಾಟಬಹುದು ಅನ್ನೋ 8ರ ಮಿತಿ ಮುಗಿದಿತ್ತು. ಆ ಮಿತಿಯನ್ನು, ಅಂದರೆ ಟ್ರಾನ್ಸ್‌ಪರೆಂಟ್ ಬೌನ್ಸ್ ಅನ್ನು, 24 ಮಾಡಿದೆ, ಹೋಯಿತು.

ಮೂರನೇ ರೆಂಡರ್ ಕಳಿಸಿದೆ. ಮೇಡಂ ಅವತ್ತು ಗಾಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನ ಫೋನ್ ಮಾಡಿದರು. "ಎಲ್ಲ ಚೆನ್ನಾಗಿದೆ. ಆದರೆ ಹಾಲ್ ಕಿಟಕಿಯಲ್ಲಿ ಕರೆಂಟ್ ತಂತಿ ಕಾಣ್ತಿದೆ, ಅದನ್ನ ತೆಗೆಸಿಬಿಡಿ" ಅಂದರು. ತೆಗೆದೆ. ಮರ ಹಾಗೇ ಬಿಟ್ಟೆ.