ಪೇಟಿ ಮಾಸ್ತರರ ಸಿನಿಮಾ, ಹಳೆಯ ಕ್ಯಾಸೆಟ್

ದಾವಣಗೆರೆಯ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಮಾಸ್ತರೊಬ್ಬರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂದಿತ್ತು. ಅದರ ನಿರ್ದೇಶಕರನ್ನು ಪಿ.ಜೆ. ಬಡಾವಣೆಯಲ್ಲಿ ಅವರ ಅಕ್ಕನ ಮನೆಯಲ್ಲಿ ಮಾತಾಡಿಸಿದ್ದೆ. ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಅರ್ಧ ಪುಟ, ಮಾತು ರೆಕಾರ್ಡ್ ಮಾಡಿದ ಕ್ಯಾಸೆಟ್ 90 ನಿಮಿಷದ್ದು. ಈ ಬೇಸಿಗೆಯಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿ, ಸಿನಿಮಾನೂ ಜೊತೆಗೆ ನೋಡ್ತಾ ಪೂರ್ತಿ ಬರೆದುಕೊಂಡೆ.

ಮೊದಲು ಕ್ಯಾಸೆಟ್ಟಿನ ಬೆನ್ನ ಮೇಲಿರುವ ಎರಡು ಪ್ಲಾಸ್ಟಿಕ್ ಚೂರು ಮುರಿದೆ. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಿದರೂ ಕೂರಲ್ಲ, ಕೈತಪ್ಪಿ ಅಳಿಸಿಹೋಗುವ ಭಯವಿಲ್ಲ. ಟೇಪನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿದೆ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ, ಕಂದು ಬಣ್ಣ ಬರೋದು ನಿಲ್ಲುವ ತನಕ ಒರೆಸಿದೆ. ಆಮೇಲೆ ಆಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರಿನಲ್ಲಿ ವೇವ್ ಫೈಲಾಗಿ ಇಳಿಸಿದೆ.

ಆದರೆ ಧ್ವನಿ ತೆಳ್ಳಗೆ ಕೇಳ್ತಿತ್ತು, ಮಾತು ಅವಸರದ್ದು ಅನ್ನಿಸ್ತಿತ್ತು. ಪುಣ್ಯಕ್ಕೆ ಮಾಸ್ತರರ ಪೇಟಿ ಆವತ್ತು ಆ ಮನೆಯಲ್ಲೇ ಇತ್ತು, ನಿರ್ದೇಶಕರು ಮಾತಿನ ಮಧ್ಯೆ ಕಪ್ಪು ಎರಡರ ಮನೆ, ಅಂದ್ರೆ ಎರಡನೇ ಕಪ್ಪು ಕೀಲಿ, ಒತ್ತಿ ತೋರಿಸಿದ್ದರು. ಅದೇ ಪೇಟಿ ಸಿನಿಮಾದಲ್ಲೂ ಇದೆ. ಎರಡನ್ನೂ ಹೋಲಿಸಿದರೆ ಕ್ಯಾಸೆಟ್ಟಿನದು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ, ಅಂದ್ರೆ ವೇಗ ಸುಮಾರು 6 ಪರ್ಸೆಂಟ್ ಜಾಸ್ತಿ. ಶ್ರುತಿಯೊಂದನ್ನೇ ಇಳಿಸುವ ಬದಲು ವೇಗವನ್ನೇ ಇಳಿಸಿದೆ, ಶ್ರುತಿಯ ಜೊತೆ ಮಾತಿನ ನಡೆಯೂ ಸರಿಹೋಯಿತು. ಟೇಪಿನ ಸುಯ್ ಸದ್ದು ತೆಗೆಯಲು ಹೋಗಲಿಲ್ಲ. ತೆಗೆದರೆ ಪೇಟಿಗೆ ಗಾಳಿ ಊದುವ ತಿದಿಯ ಉಸಿರೂ ಹೋಗುತ್ತೆ, ಅದು ನನಗೆ ಬೇಕಿತ್ತು.

ಸಿನಿಮಾದಲ್ಲಿ ಹಾಡು ಯಾಕೆ ಇಷ್ಟು ಕಡಿಮೆ ಅಂತ ಕೇಳಿದ್ದೆ. ಮಾಸ್ತರು ಒಪ್ಪಲಿಲ್ಲ ಅನ್ನುವಷ್ಟು ಮಾತ್ರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಟೇಪಿನಲ್ಲಿ ಕಾರಣವೂ ಇದೆ: ನಟರು ಎದುರಿಗೆ ಇಲ್ಲದೆ ರಂಗಗೀತೆ ನುಡಿಸೋದು ಅವರಿಗೆ ಆಗುತ್ತಿರಲಿಲ್ಲವಂತೆ, ಕಣ್ಣು ಮನೆಗಳ ಮೇಲಲ್ಲ, ನಟಿಯ ಕುತ್ತಿಗೆ ಮೇಲೆ ಇರಬೇಕಂತೆ, ಅವಳು ಉಸಿರೆಳೆಯುವುದು ಅಲ್ಲೇ ಗೊತ್ತಾಗೋದು. ಕೊನೆಗೆ ಕಂಪನಿಯ ಹಳೆಯ ನಟಿಯೊಬ್ಬರನ್ನು ಕರೆಸಿ, ಸೈಡ್ ವಿಂಗಿನಿಂದ ನಡೆದು ಬರಲು ಹೇಳಿ ಚಿತ್ರೀಕರಿಸಿದ್ದಾರೆ. ಇದನ್ನು ಕೇಳಿದ ಮೇಲೆ ಆ ದೃಶ್ಯ ನಿಧಾನಕ್ಕೆ ನೋಡಿದೆ. ಆಕೆ ಬಾಯಿ ತೆರೆಯುವ ಮೊದಲೇ ಮಾಸ್ತರರ ಎಡಗೈ ತಿದಿಯ ಮೇಲೆ ಒಂದು ಕ್ಷಣ ನಿಲ್ಲುತ್ತೆ. ಹಿಂದೆ ನೋಡಿದಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

'ಹಂಸಗೀತೆ'ಯ ಮಾತೂ ಬಂದಿತ್ತು. ಸಂಗೀತಗಾರನ ಸಿನಿಮಾ ಅಂದ್ರೆ ನಮ್ಮ ಕಡೆ ಅದರ ಹೆಸರು ಬಾರದೇ ಇರುತ್ತಾ? ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ, ತರಾಸು ಕಾದಂಬರಿ, ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ್ದು, ಬಾಲಮುರಳಿಕೃಷ್ಣರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಅಲ್ಲಿ ಅನಂತನಾಗ್ ಸಂಗೀತಗಾರನ ಪಾತ್ರ ಮಾಡಿದರು, ಇಲ್ಲಿ ಸಂಗೀತಗಾರನೇ ಕೂತಿದ್ದಾನೆ, ಬೇಡ ಅಂದರೆ ಬೇಡ ಅಷ್ಟೆ ಅಂದಿದ್ದರು ನಿರ್ದೇಶಕರು. ಇಡೀ ಸಂದರ್ಶನದಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಇದು.

ಬರೆದುಕೊಂಡಾಗ ಪ್ರತಿ ಉತ್ತರದ ಪಕ್ಕ ನಿಮಿಷ, ಸೆಕೆಂಡ್ ಹಾಕಿದೆ. ತಡವರಿಸಿದ್ದನ್ನೂ ಬಿಟ್ಟಿಲ್ಲ. ಮಾಸ್ತರರಿಗೆ ಕೊಟ್ಟ ಸಂಭಾವನೆ ಬಗ್ಗೆ ಒಂದು ಕಡೆ ನಿರ್ದೇಶಕರು ಇದು ನಮ್ಮಲ್ಲೇ ಇರಲಿ ಅಂದಿದ್ದಾರೆ. ಮಾಸ್ತರರ ಮನೆಯವರಿಗೂ ನಿರ್ದೇಶಕರಿಗೂ ಕೊಟ್ಟ ಪ್ರತಿಯಲ್ಲಿ ಆ ಭಾಗ ತೆಗೆದೆ. ಮೂಲ ಫೈಲನ್ನು ಮುಟ್ಟಿಲ್ಲ.