ಮಾತ್ರೆ ಚೀಲ ಬಿಚ್ಚಿಸಿದೆ, ಹಿಮೋಗ್ಲೋಬಿನ್ ಏರಿತು

ಶಿರಸಿ ಸುತ್ತಿನ ಹಳ್ಳಿಗಳಿಂದ ನನ್ನ ಕ್ಲಿನಿಕ್ಕಿಗೆ ಬರುವ ಅರವತ್ತು ದಾಟಿದ ಹೆಂಗಸರಲ್ಲಿ ಎಂಟು, ಒಂಬತ್ತು ಹಿಮೋಗ್ಲೋಬಿನ್ ಹೊಸದೇನಲ್ಲ. "ವಯಸ್ಸಾಯ್ತಲ್ಲ, ಐರನ್ ಬರೆದು ಕಳಿಸಿ" ಅಂತ ಜೊತೆಯ ಡಾಕ್ಟರುಗಳು ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. 12ರ ಕೆಳಗೆ ಇಳಿದರೆ ವಯಸ್ಸು ಎಷ್ಟೇ ಇರಲಿ, ಕಾರಣ ಹುಡುಕಬೇಕು.

ತೊಡಕು ದುಡ್ಡಿನದು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ವಿಟಮಿನ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಒಟ್ಟಿಗೆ ಬರೆದರೆ ಸಾವಿರದ ಐನೂರರ ಹತ್ತಿರ ಆಗುತ್ತಿತ್ತು. ಚೀಟಿ ಹಿಡಿದು ಹೋದವರಲ್ಲಿ ಅರ್ಧ ಜನ ಲ್ಯಾಬಿನ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಒಂದು ವರ್ಷ ಹೀಗೇ ಹೋಯಿತು.

ಆಮೇಲೆ ಪೈಸೆ ಖರ್ಚಿಲ್ಲದ್ದನ್ನು ಮೊದಲು ಹಿಡಿದೆ. "ಅಮ್ಮಾ, ಮನೇಲಿರೋ ಮಾತ್ರೆ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಬನ್ನಿ." ಎಷ್ಟು ಕೇಳಿದರೂ ಬಾಯಲ್ಲಿ ಬರದ ಸಂಗತಿ ಚೀಲದಲ್ಲಿ ಬರುತ್ತದೆ! ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ವರ್ಷಗಟ್ಟಲೆ ನುಂಗಿದ್ದು. ಹೃದಯಕ್ಕೆ ಆಸ್ಪಿರಿನ್. ಇವೆರಡೂ ಸೇರಿದರೆ ಹೊಟ್ಟೆಯಲ್ಲಿ ಸದ್ದಿಲ್ಲದೆ ರಕ್ತ ಸೋರಬಹುದು. ಗ್ಯಾಸಿಗೆ ಅಂತ ದಿನಾ ತಗೊಳ್ಳುವ ಮಾತ್ರೆ ಕಬ್ಬಿಣ, ಬಿ12 ಎರಡರ ಹೀರಿಕೆಯನ್ನೂ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಬಿ12 ಇಳಿಸುತ್ತದೆ. ಕಾರವಾರ, ಕುಮಟಾ ಕಡೆಯಿಂದ ಬರುವವರು ದಿನಾ ಮೀನು ತಿಂದರೂ ಈ ಕಾರಣಕ್ಕೆ ಬಿ12 ಕಡಿಮೆ ಆದದ್ದು ಕಂಡಿದ್ದೇನೆ.

ಎರಡನೇ ಹೆಜ್ಜೆ ಸಿಬಿಸಿ, ಅಂದರೆ ರಕ್ತಕಣಗಳ ಪರೀಕ್ಷೆ. ಅದರಲ್ಲಿ ಕೆಂಪು ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ 80ರ ಕೆಳಗಿದ್ದರೆ ಫೆರಿಟಿನ್, 100ರ ಮೇಲಿದ್ದರೆ ಬಿ12, ನಡುವೆ ಇದ್ದರೆ ಕ್ರಿಯಾಟಿನಿನ್. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಆದರೆ ಕಬ್ಬಿಣ, ಬಿ12 ಎರಡರ ಕೊರತೆಯೂ ಒಟ್ಟಿಗಿದ್ದರೆ ಎಂಸಿವಿ ನಾರ್ಮಲ್ ಕಾಣಬಹುದು, ಆರ್‌ಡಿಡಬ್ಲ್ಯು (ಕಣಗಳ ಗಾತ್ರದ ಏರುಪೇರು) ನೋಡದೆ ಬಿಡಬೇಡಿ. ಸಂಧಿವಾತ ಇದ್ದವರ ಫೆರಿಟಿನ್ನನ್ನೂ ಸುಮ್ನೆ ನಂಬಬೇಡಿ, ಉರಿಯೂತಕ್ಕೆ ಅದು ಏರಿರುತ್ತದೆ. ಬಿ12 ಕೊರತೆ ಇದ್ದವರಿಗೆ ಅದನ್ನು ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಏರಿದರೂ ನರ ಕೆಡುತ್ತಾ ಹೋಗುತ್ತದೆ.

ತೋಟಕ್ಕೆ ಬರಿಗಾಲಲ್ಲಿ ಇಳಿಯುವವರಲ್ಲಿ, ಪಾದದಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳ ನೆನಪಿಡಿ. ಚಹಾ ಕಬ್ಬಿಣದ ಹೀರಿಕೆ ತಗ್ಗಿಸುತ್ತದೆ, ಅದಕ್ಕೇ ಊಟದ ಬೆನ್ನಿಗೇ ಕುಡಿಯುವುದನ್ನು ಒಂದೆರಡು ತಾಸು ಮುಂದೆ ಹಾಕಿಸಿದೆ, ಐರನ್ ದಿನ ಬಿಟ್ಟು ದಿನ ಕೊಟ್ಟೆ. ಹೊಟ್ಟೆ ಉರಿ ಕಡಿಮೆ ಆಗಿ ಮಾತ್ರೆ ಬಿಡುವವರು ಕಡಿಮೆಯಾದರು. ಬೀಟ್‌ರೂಟ್ ಜ್ಯೂಸ್ ಕೆಲವು ತಿಂಗಳು ಕೊಡಿಸಿ ನೋಡಿದೆ, ಏನೂ ಏರಲಿಲ್ಲ. ಚೀಲ ತರಲು ಒಪ್ಪದವರನ್ನು ಒಪ್ಪಿಸುವ ನನ್ನ ಉಪಾಯ ಮಾತ್ರ ನನ್ನಲ್ಲೇ ಇರಲಿ.

ಈಗ ಹೆಚ್ಚಿನವರು ಮೂರ್ನಾಲ್ಕು ತಿಂಗಳಲ್ಲಿ ಹನ್ನೊಂದು ದಾಟುತ್ತಾರೆ. ಅನುಮಾನಪಟ್ಟ ಡಾಕ್ಟರುಗಳೇ ಈಗ ಚೀಲ ಕೇಳುತ್ತಾರೆ. ಮುಟ್ಟು ನಿಂತವರಲ್ಲಿ ಫೆರಿಟಿನ್ ಕಡಿಮೆ ಬಂದರೆ ನಾನು ಬರೀ ಐರನ್ ಕೊಟ್ಟು ಸುಮ್ಮನಾಗುವುದಿಲ್ಲ. ಹೊಟ್ಟೆ, ಕರುಳಲ್ಲಿ ರಕ್ತ ಸೋರುತ್ತಿದೆಯೇ ಅಂತ ಕೊಳವೆ ಹಾಕಿ ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ಹುಬ್ಬಳ್ಳಿಗೆ ಕಳಿಸುತ್ತೇನೆ. ಹಾಗೆ ಹೋದ ಒಬ್ಬ ಅಜ್ಜಿಗೆ ದೊಡ್ಡ ಕರುಳಿನ ಗಡ್ಡೆ ಬೇಗ ಸಿಕ್ಕಿತು, ಆಪರೇಷನ್ ಆಯಿತು.